ಸಬ್ಬಸಿಗೆ ತುಂಬಿದ ಆಮ್ಲೆಟ್

"ಗುರುಗಳೇ, ಎದುರಿನವರ ಮನಸ್ಸು ನೋಯಬಾರದೆಂದು ಒಂದು ಸಣ್ಣ ಸುಳ್ಳು ಹೇಳಿದರೆ ತಪ್ಪೇ?" ಎಂದು ಶಿಷ್ಯ ಕೇಳಿದ.

"ಸುಳ್ಳಿನಲ್ಲಿ ಸಣ್ಣದು ದೊಡ್ಡದು ಅಳೆಯುವ ಸೇರು ನನ್ನ ಬಳಿ ಇಲ್ಲವಪ್ಪ" ಎಂದರು ಗುರುಗಳು. "ಒಂದು ಕತೆ ಇದೆ. ಮೊಟ್ಟೆಯ ಕತೆ. ಮೂಗು ಮುರಿಯಬೇಡ, ಕೇಳಿದ ಮಾತ್ರಕ್ಕೆ ಮೈಲಿಗೆಯಾಗುವುದಿಲ್ಲ."

ಒಬ್ಬ ಬಡಗಿ ಇದ್ದ. ಮದುವೆಯಾದ ಹೊಸತು. ಹೆಂಡತಿ ವಾರವೆಲ್ಲ ಒಲೆಯ ಮುಂದೆ ಬೇಯುತ್ತಾಳೆ, ಭಾನುವಾರದ ತಿಂಡಿಯಾದರೂ ತಾನು ಮಾಡಬೇಕು ಎಂದು ಅವನಿಗೆ ಅನ್ನಿಸಿತು. ಅವನ ಬೀದಿಯಲ್ಲಿ ಗಂಡಸರಿಗೆ ಆ ವಾಡಿಕೆ ಇರಲಿಲ್ಲ. "ಬಡಗಿ ಬಳೆ ತೊಟ್ಟುಕೊಂಡ" ಎಂದು ನೆರೆಯವರು ಆಡಿಕೊಂಡರು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೂರು ಮೊಟ್ಟೆ ಒಡೆದು ಉಪ್ಪು, ಅರಿಸಿನ ಹಾಕಿ ಕಲಕಿದ. ಈರುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ, ಬೇಯಿಸಿದ ಆಲೂಗಡ್ಡೆಯನ್ನು ಹಿಸುಕಿ ಸೇರಿಸಿದ. ಮೇಲೆ ಎರಡು ಹಿಡಿ ಸಬ್ಬಸಿಗೆ ಸೊಪ್ಪು. ಅವನ ತಾಯಿ ಎಲ್ಲದಕ್ಕೂ ಸಬ್ಬಸಿಗೆ ಹಾಕುತ್ತಿದ್ದಳು, ಅದಿಲ್ಲದ್ದು ಅವನಿಗೆ ತಿಂಡಿಯೇ ಅಲ್ಲ. ಕಾವಲಿಯ ಮೇಲೆ ಮೊಟ್ಟೆ ಹರಡಿ, ಅರ್ಧಕ್ಕೆ ಪಲ್ಯ ತುಂಬಿ, ಉಳಿದರ್ಧವನ್ನು ಮೇಲೆ ಮಡಚಿದ. ಒಂದು ಕಡೆ ಹರಿಯಿತು. ಹರಿದ ಬದಿ ಕಾಣದಂತೆ ತಟ್ಟೆ ತಿರುಗಿಸಿ ಹೆಂಡತಿಯ ಮುಂದಿಟ್ಟ.

ಅವಳಿಗೋ ಸಬ್ಬಸಿಗೆಯ ವಾಸನೆ ಎಂದರೆ ಆಗದು. ತವರಿನಲ್ಲಿ ಆ ಸೊಪ್ಪು ಬೇಯುವಾಗ ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದವಳು. ಆದರೆ ಗಂಡನ ಮುಖ ನೋಡಿದಳು. ಬೀದಿಯವರೆಲ್ಲ ನಕ್ಕಿದ್ದಾರೆ, ತಾನೂ ಬೇಡವೆಂದರೆ ಇವನು ಇನ್ನು ಅಡುಗೆಮನೆಯ ಹೊಸ್ತಿಲು ತುಳಿಯಲಾರ ಎಂದುಕೊಂಡಳು. ಉಸಿರು ಬಿಗಿಹಿಡಿದು ತಿಂದಳು. "ಬಹಳ ಚೆನ್ನಾಗಿದೆ" ಎಂದಳು.

ಅವಳನ್ನು ಬೈಯಬೇಡ. ಆ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆನೇನೋ.

ಅಲ್ಲಿಂದ ಪ್ರತಿ ಭಾನುವಾರವೂ ಅದೇ ತಿಂಡಿ. ಅವನ ಕೈ ಪಳಗಿತು, ಆಮ್ಲೆಟ್ ಹರಿಯುವುದು ನಿಂತಿತು. ಹೆಂಡತಿಗೆ ಇಷ್ಟವೆಂದು ಎರಡು ಹಿಡಿ ಸೊಪ್ಪು ಮೂರು ಹಿಡಿಯಾಯಿತು. ಊರಲ್ಲಿ ಸೊಪ್ಪು ಸಿಗದ ವಾರ ನಸುಕಿನಲ್ಲೇ ಎದ್ದು ಪಕ್ಕದೂರಿಗೆ ನಡೆದುಹೋಗಿ ತರುತ್ತಿದ್ದ. ಅವಳು ತಿನ್ನುತ್ತಿದ್ದಳು, ಹೊಗಳುತ್ತಿದ್ದಳು. ಈಗ ನಿಜ ಹೇಳಿದರೆ ಹಿಂದಿನ ಭಾನುವಾರಗಳಿಗೆಲ್ಲ ಏನು ಉತ್ತರ ಕೊಡುವುದು? ಹೀಗೆ ಆರು ವರ್ಷ ಕಳೆಯಿತು.

ಏಳನೆಯ ವರ್ಷ ಅವಳು ಬಸುರಿಯಾದಳು. ನೋಡಿಕೊಂಡು ಹೋಗಲು ತವರಿನಿಂದ ತಾಯಿ ಬಂದಳು. ಭಾನುವಾರ ಬಡಗಿ ಎಂದಿನಂತೆ ತಟ್ಟೆ ತಂದಿಟ್ಟ. ಹೆಂಡತಿ ಒಂದು ತುತ್ತು ಬಾಯಿಗಿಟ್ಟವಳೇ ಬಚ್ಚಲಿಗೆ ಓಡಿದಳು.

"ಇದಕ್ಕೆ ಸಬ್ಬಸಿಗೆ ಯಾಕೆ ಹಾಕಿದಿರಿ ಅಳಿಯಂದಿರೇ? ಇವಳಿಗೆ ಚಿಕ್ಕಂದಿನಿಂದಲೂ ಅದರ ವಾಸನೆ ಆಗುವುದಿಲ್ಲವಲ್ಲ" ಎಂದಳು ಅತ್ತೆ.

ಹೆಂಡತಿ ಮುಖ ತೊಳೆದು ಬಂದಳು. "ಆರು ವರ್ಷ ಯಾಕೆ ಹೇಳಲಿಲ್ಲ?" ಎಂದು ಬಡಗಿ ಕೇಳಿದ. "ನೀವು ನೊಂದುಕೊಳ್ಳುತ್ತೀರಿ ಅಂತ" ಎಂದು ಅವಳು ಅತ್ತುಬಿಟ್ಟಳು.

ಅವನು ಗದರಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ಮುಂದಿನ ಭಾನುವಾರ ಸೊಪ್ಪು ಬಿಟ್ಟು ಮಾಡಿದ. ಅವಳು ಬೆರಳು ಚೀಪುತ್ತ ತಿಂದು, ಚೆನ್ನಾಗಿದೆ ಎಂದಳು. ಅವನು ಅವಳ ಮುಖವನ್ನೇ ನೋಡುತ್ತ ಕುಳಿತ.

ಮಗು ಹುಟ್ಟಿತು. ಬಡಗಿ ಹಲಸಿನ ಮರದಲ್ಲಿ ತೊಟ್ಟಿಲು ಮಾಡಿದ. ಅಂಥ ಕೆಲಸ ಅವನ ಕೈಯಿಂದ ಹಿಂದೆಂದೂ ಆಗಿರಲಿಲ್ಲ. ಹೆಂಡತಿಯ ಕಣ್ಣು ತುಂಬಿ ಬಂತು. "ಇಷ್ಟು ಚೆಂದದ ತೊಟ್ಟಿಲು ನಾನು ಎಲ್ಲೂ ನೋಡಿಲ್ಲ" ಎಂದಳು. ಅದು ಅಪ್ಪಟ ನಿಜ. ಅವನು ತಲೆಯಾಡಿಸಿದ. ಆಮೇಲೆ ಎದುರುಮನೆಯವನನ್ನು ಕರೆತಂದು ತೊಟ್ಟಿಲು ತೋರಿಸಿ, ಹೇಗಿದೆ ಎಂದು ಕೇಳಿದ. ಹೆಂಡತಿ ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೈಮುಗಿದು, "ಬಹಳ ಒಳ್ಳೆಯ ಕತೆ ಹೇಳಿದಿರಿ ಗುರುಗಳೇ" ಎಂದ.

"ದಿನವೂ ಪಾಠ ಮುಗಿದಾಗ ನೀನು ಇದೇ ಮಾತು ಹೇಳುತ್ತೀಯಪ್ಪ, ಇನ್ನು ನಾನು ಯಾರನ್ನು ಕೇಳಲಿ?" ಎಂದರು ಗುರುಗಳು.