ಹನ್ನೆರಡರ ಕೋವಿ

“ಗುರುಗಳೇ, ನನಗೆ ಜಪಿಸಲು ಒಂದೇ ಮಾತು ಕೊಟ್ಟು ಒಂಬತ್ತು ವರ್ಷ ಕೂರಿಸಿದಿರಿ. ಮೊನ್ನೆ ಬಂದ ಗದಿಗೆಯ್ಯನಿಗೆ ಏಳು ಮಾತು ಕೊಟ್ಟಿರಿ. ನನ್ನಲ್ಲಿ ಏನು ಕಡಿಮೆ ಕಂಡಿರಿ?”

ಹೀಗೆ ಕೇಳಿದವನು ಶಿಷ್ಯ ಅಡವಯ್ಯ. ಕೇಳಬಾರದೆಂದು ಮೂರು ದಿನ ತಡೆದುಕೊಂಡಿದ್ದ. ನಾಲ್ಕನೆಯ ದಿನ ತಡೆಯಲಾಗಲಿಲ್ಲ. ತಕ್ಕ ಉತ್ತರ ಸಿಗದಿದ್ದರೆ ಮಠ ಬಿಟ್ಟು ಬೇರೆ ಗುರುವನ್ನು ಹುಡುಕಿಕೊಂಡು ಹೋಗುವುದೆಂದು ನಿಶ್ಚಯಿಸಿ ಬಟ್ಟೆಯ ಗಂಟನ್ನೂ ಕಟ್ಟಿಟ್ಟಿದ್ದ. ಗುರುಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. ಕೈಕೆಲಸ ನಿಲ್ಲಿಸದೆ ಒಂದು ಕತೆ ಹೇಳಿದರು.

ಒಂದು ಬೆಟ್ಟದ ಕೋಟೆ. ಅದರ ಮೇಲಿನ ಬಾಗಿಲಿಗೆ ಒಬ್ಬ ಕಾವಲುಗಾರ. ಅವನ ಕೈಯಲ್ಲಿ ಬತ್ತಿಯ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಉರಿಯುವ ಬತ್ತಿ ಮುಟ್ಟಿಸಿ ಹೊಡೆಯುವ ಹಳೆಯ ಕಾಲದ ಕೋವಿ ಅದು. ಬೆಳಗಿನ ಕಾವಲು ಅವನದು. ಆ ಹೊತ್ತಿಗೆ ಬಂಡೆಗಳ ಮೇಲೆಲ್ಲ ಮಂಜು ಕೂತಿರುತ್ತಿತ್ತು. ಕೆಳಗೆ ಲೋಕ ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಕಾವಲುಗಾರ ಎಚ್ಚರವಾಗಿದ್ದುಕೊಂಡೇ ಕನಸು ಕಾಣುತ್ತಿದ್ದ.

ಅವನಿಗೆ ಕೋವಿಯ ಮಾತುಗಳೂ ಕನಸಿನಲ್ಲಿ ಕೇಳಿದ ಮಾತುಗಳಂತೆ ಇದ್ದವು. ಕೊಲ್ಲುವ ಪುಡಿಗೆ ಮದ್ದು ಎಂದು ಹೆಸರು. ಅದನ್ನು ತಿಂದು ವಾಸಿಯಾದವರನ್ನು ಅವನು ಕಂಡಿರಲಿಲ್ಲ. ಬತ್ತಿ ಕಚ್ಚಿಕೊಂಡು ಬಾಗುವ ಕೊಕ್ಕೆಗೆ ಕುದುರೆ ಎಂದು ಹೆಸರು. ಆ ಕುದುರೆ ಓಡುವುದು ಎರಡು ಬೆರಳಿನ ದೂರ. ಬೆಂಕಿ ಒಳಹೋಗುವ ತೂತಿಗೆ ಕಿವಿ ಎನ್ನುತ್ತಾರೆ. ಯಾರಿಟ್ಟರೋ ಏನೋ! ಇಟ್ಟವರು ಹೋದರು, ಹೆಸರು ಉಳಿಯಿತು, ಕಾರಣ ಮಾತ್ರ ಯಾರಿಗೂ ನೆನಪಿಲ್ಲ.

ಅವನ ಕೋವಿಯನ್ನು ಹನ್ನೆರಡರ ಕೋವಿ ಎನ್ನುತ್ತಿದ್ದರು. ಏಕೆ ಹನ್ನೆರಡು? ಕೋಟೆಯಲ್ಲಿ ಬಾಯಿಗೊಂದು ಮಾತು. ಹನ್ನೆರಡನೆಯ ದೊರೆ ಮಾಡಿಸಿದ್ದು ಎಂದು ಒಬ್ಬ, ಹನ್ನೆರಡು ಹುಲಿ ಹೊಡೆದದ್ದು ಎಂದು ಇನ್ನೊಬ್ಬ. ಕಾವಲುಗಾರನಂತೂ ಅದು ಅರಮನೆ ತನಗೆ ಕೊಟ್ಟ ಪದವಿ ಎಂದೇ ನಂಬಿದ್ದ. ಪಕ್ಕದ ಬುರುಜಿನವನದು ಎಂಟರ ಕೋವಿ. ಅವನಿಗಿಂತ ತಾನು ನಾಲ್ಕು ಮೆಟ್ಟಿಲು ಮೇಲೆ. ಈ ಲೆಕ್ಕ ಅವನಿಗೆ ಬಹಳ ಹಿತವಾಗಿತ್ತು.

ಹೀಗಿರುವಾಗ ಕೋಟೆಗೆ ಹೊಸಬನೊಬ್ಬ ಬಂದ. ಅವನಿಗೆ ಕೋವಿ ಹಿಡಿಯುವುದೂ ಸರಿಯಾಗಿ ಬಾರದು. ಅಂಥವನ ಕೈಗೆ ಇಪ್ಪತ್ತರ ಕೋವಿ ಬಂತು. ಕಾವಲುಗಾರನ ಹೊಟ್ಟೆಗೆ ಬೆಂಕಿ ಬಿತ್ತು. ಹೆಂಡತಿ ತಂದ ಅಂಬಲಿಯನ್ನೂ ಪಕ್ಕಕ್ಕೆ ಸರಿಸಿದ.

ಕೋಟೆಯ ಪದ್ಧತಿ ಹೀಗಿತ್ತು. ತಿಂಗಳ ಮೊದಲ ದಿನ ಪ್ರತಿ ಕಾವಲುಗಾರನಿಗೂ ಒಂದು ಸೇರು ಸೀಸ ಕೊಡುತ್ತಿದ್ದರು. ಹಳಬ ಹೊಸಬ ಎಂಬ ಭೇದವಿಲ್ಲ. ಅದನ್ನು ಎರಕದ ಮುದುಕನ ಬಳಿಗೆ ಒಯ್ಯಬೇಕು. ಅವನು ಸೀಸ ಕರಗಿಸಿ, ಆಯಾ ಕೋವಿಗೆ ತಕ್ಕ ಅಚ್ಚಿನಲ್ಲಿ ಹೊಯ್ದು ಗುಂಡು ಮಾಡಿಕೊಡುತ್ತಿದ್ದ. ಒಂದು ಸೇರಿಗೆ ಹನ್ನೆರಡು ಗುಂಡು ಬಂದರೆ ಅದು ಹನ್ನೆರಡರ ಕೋವಿ. ಇಪ್ಪತ್ತು ಬಂದರೆ ಇಪ್ಪತ್ತರದು. ಎಣಿಕೆ ಹೆಚ್ಚಿದಷ್ಟೂ ಗುಂಡು ಸಣ್ಣದು, ನಳಿಗೆಯೂ ಸಣ್ಣದು. ಹೆಸರು ಹುಟ್ಟಿದ್ದು ಇಷ್ಟರಿಂದಲೇ. ಇದು ಗೊತ್ತಿದ್ದವನು ಆ ಮುದುಕನೊಬ್ಬ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಸೀಸ ಕೈಗೆ ಬಂದ ದಿನ ಮಧ್ಯಾಹ್ನ ಕಾವಲುಗಾರನಿಗೆ ಜೋಂಪು ಹತ್ತಿತು. ಕನಸಿನಲ್ಲಿ ಅವನು ದರ್ಬಾರಿನ ನಡುವೆ ನಿಂತಿದ್ದ. ಯಾರೋ ಅವನ ಮಡಿಲಿಗೆ ಗುಂಡು ಸುರಿಯುತ್ತಿದ್ದರು. ಹನ್ನೆರಡು ದಾಟಿತು, ಇಪ್ಪತ್ತು ದಾಟಿತು, ನಿಲ್ಲಲೇ ಇಲ್ಲ. ಆ ಗುಂಡುಗಳಿಗೆ ಭಾರವೇ ಇರಲಿಲ್ಲ. ಎಚ್ಚರವಾದಾಗಲೂ ಆ ಸುಖ ಮೈಯಲ್ಲಿ ಉಳಿದಿತ್ತು. ಸೀಸ ಎತ್ತಿಕೊಂಡು ನೇರ ಎರಕದ ಮನೆಗೆ ಹೋದ.

“ಅಜ್ಜಾ, ಈ ಸಲ ನನಗೂ ಇಪ್ಪತ್ತು ಹೊಯ್ದು ಕೊಡು.”

“ನಿನ್ನ ಕೋವಿ ಹನ್ನೆರಡರದಪ್ಪಾ. ಗುಂಡು ಬಾಯಿಗೆ ಹೋದರೆ ಸಾಲದು, ಹೊಟ್ಟೇಲಿ ನಿಲ್ಲಬೇಕು.”

“ಸೀಸ ನನ್ನದು. ನೀನು ಹೊಯ್ಯಿ.”

ಸೀಸ ಯಾರದೋ ಅವರ ಮಾತು ನಡೆಯಬೇಕು; ಅದೂ ಕೋಟೆಯ ಪದ್ಧತಿಯೇ. ಮುದುಕ ಇಪ್ಪತ್ತು ಹೊಯ್ದು ಕೊಟ್ಟ.

ಕಾವಲುಗಾರ ಚೀಲ ಅಲ್ಲಾಡಿಸಿ ಸದ್ದು ಕೇಳಿದ. ಮತ್ತೆ ಅಲ್ಲಾಡಿಸಿದ. ಮುಂಚೆ ಗುಂಡಿಗೆ ಬಟ್ಟೆ ಸುತ್ತಿ, ಉದ್ದನೆಯ ಕಬ್ಬಿಣದ ಕಡ್ಡಿಯಿಂದ ಜಡಿದು ಜಡಿದು ಇಳಿಸಬೇಕಾಗಿತ್ತು. ಈಗ ಬಟ್ಟೆಯೂ ಬೇಡ, ಕಡ್ಡಿಯೂ ಬೇಡ. ಬಾವಿಗೆ ಬಿದ್ದ ಕಲ್ಲಿನಂತೆ ಗುಂಡು ತಾನಾಗಿಯೇ ತಳ ಮುಟ್ಟಿತು. ಇಷ್ಟು ಸುಲಭದ ಕೆಲಸಕ್ಕೆ ಇಷ್ಟು ವರ್ಷ ಬೆವರು ಸುರಿಸಿದೆನಲ್ಲ ಎಂದು ಅವನು ನಕ್ಕ. ಹೊಡೆದು ನೋಡುವಂತಿರಲಿಲ್ಲ. ಮದ್ದು ಅರಮನೆಯದು, ಸುಮ್ಮನೆ ಸುಟ್ಟರೆ ಶಿಕ್ಷೆ.

ದಿನವೂ ಬೆಳಗ್ಗೆ ಅವನ ಹೆಂಡತಿ ಅಂಬಲಿಯ ಗಡಿಗೆ ಹೊತ್ತು ಕೋಟೆಯ ಮೆಟ್ಟಿಲು ಹತ್ತಿ ಬರುತ್ತಿದ್ದಳು. ಅವಳು ಕಾಣುವ ಮೊದಲು ಅವಳ ಬಳೆಯ ಸದ್ದು ಮಂಜಿನೊಳಗಿಂದ ಬರುತ್ತಿತ್ತು. ಆ ಸದ್ದು ಕೇಳಿದರೆ ಸಾಕು, ಅವನಿಗೆ ಹಸಿವಾಗುತ್ತಿತ್ತು. ಒಂದು ಬೆಳಗ್ಗೆ ಬಳೆಯ ಸದ್ದಿನ ಹಿಂದೆ ಇನ್ನೊಂದು ಉಸಿರಿನ ಸದ್ದು ಕೇಳಿಸಿತು. ಮಂಜು ಸರಿಯಿತು. ಮೆಟ್ಟಿಲ ಮೇಲೆ ಹೆಂಡತಿ. ಅವಳಿಂದ ಹತ್ತು ಮಾರು ದೂರದಲ್ಲಿ, ಬಂಡೆಯ ಸಂದಿಯಿಂದ ಎದ್ದು ಬಂದ ಕರಡಿ.

ಕಾವಲುಗಾರ ಒಳ್ಳೆಯ ಗುರಿಕಾರ. ಕೋವಿಯ ಬಾಯನ್ನು ಕೆಳಕ್ಕೆ ತಿರುಗಿಸಿದ, ಕರಡಿಯ ಎದೆಗೆ ಗುರಿ ಹಿಡಿದ. ಆಗ ಎಲ್ಲಿಯೋ ಟಕ್ ಎಂದಿತು. ಟಕ್, ಟಕ್ ಎಂದು ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಇಳಿದು ಹೋಯಿತು. ಯಾರೋ ಆಟವಾಡುತ್ತಿದ್ದಾರೆ ಎಂದು ಅವನಿಗೆ ಅರೆಕ್ಷಣ ಅನ್ನಿಸಿತು. ಅದು ಅವನದೇ ಗುಂಡು, ನಳಿಗೆಯಿಂದ ಉರುಳಿ ಬಿದ್ದಿತ್ತು. ಅಷ್ಟರಲ್ಲಿ ಬತ್ತಿ ಮುಟ್ಟಿ ಮದ್ದು ಹತ್ತಿಕೊಂಡಿತು. ಬೆಟ್ಟವೆಲ್ಲ ಸದ್ದು, ಬರೀ ಹೊಗೆ.

ಅವನು ಕೋವಿಯನ್ನೇ ದೊಣ್ಣೆಯಂತೆ ಹಿಡಿದು ಕೂಗುತ್ತ ಕೆಳಕ್ಕೆ ಓಡಿದ. ತಲುಪುವ ಹೊತ್ತಿಗೆ ಕರಡಿ ಹೋಗಿತ್ತು. ಹೆಂಡತಿಯ ಬಲಗಣ್ಣೂ ಹೋಗಿತ್ತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಅತ್ತ. ಇನ್ನೊಂದು ಕಣ್ಣಿನಿಂದ ಅವಳು ಅವನನ್ನು ನೋಡಿದಳು.

“ಈಡು ಹೊಡೆದ ಸದ್ದು ಕೇಳಿಸ್ತು. ತಗಲಲಿಲ್ವಾ?” ಎಂದಳು.

ಆ ಮಾತಿನಲ್ಲಿ ದೂರು ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿ ಇನ್ನೊಂದು ಹಿಡಿ ಹುಣಸೆಹಣ್ಣು ಎತ್ತಿಕೊಂಡರು. ಅಡವಯ್ಯನಿಗೆ ಆ ಹೆಂಗಸಿನ ಮೇಲೆ ಕನಿಕರ ಬಂತು. ಎರಕದವನ ಮೇಲೆ ಸಿಟ್ಟು ಬಂತು.

“ಆ ಮುದುಕ ಮೊದಲೇ ಬಿಡಿಸಿ ಹೇಳಬಹುದಿತ್ತಲ್ಲ, ಗುರುಗಳೇ?” ಎಂದ.

“ಅದಕ್ಕೇ ನಾನು ಈಗಲೇ ಹೇಳುತ್ತಿದ್ದೇನೆ, ಅಡವಯ್ಯ: ಗದಿಗೆಯ್ಯನಿಗೆ ಕೊಟ್ಟದ್ದೂ ಒಂದು ಸೇರು, ನಿನಗೆ ಕೊಟ್ಟದ್ದೂ ಒಂದು ಸೇರು.”