ನೀರಿಗಿಂತ ಒಂದು ಬೆರಳು ಕೆಳಗೆ

ಶಿಂಷಾ ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳನ್ನು ಜನ ಹೊಳೆಸ್ವಾಮಿ ಎಂದೇ ಕರೆಯುತ್ತಿದ್ದರು. ಪ್ರತಿ ಬೆಳಗ್ಗೆ ಹೊಳೆಯ ಪಕ್ಕ ಕೂತು ಕೂತು ತಲೆ ನರೆಸಿಕೊಂಡವರು ಅವರು.

ಈಗ ಮಂಡಿಗಳು ಕೈಕೊಟ್ಟಿದ್ದವು. ಹೊಳೆಗೆ ಇಳಿಯುವ ಮೆಟ್ಟಿಲುಗಳಂತೂ ಎಂಬತ್ತಕ್ಕೆ ಕಡಿಮೆಯಿಲ್ಲ. ಸ್ವಾಮಿಗಳು ಜಗಲಿಯಲ್ಲೇ ಕೂತು ಹೊಳೆಯ ಕಡೆ ಮುಖ ಮಾಡಿರುತ್ತಿದ್ದರು. 

ಶಿಷ್ಯ ಮೂಡಲಗಿರಿಗೆ ಅದನ್ನು ನೋಡಲಾಗಲಿಲ್ಲ. ನಲವತ್ತು ದಾಟಿದ ಗಟ್ಟಿ ಆಳು. ಅವನದು ನೀರಗಂಟಿ ಮನೆತನ. ಊರ ಕೆರೆಯ ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವುದು ತಲೆತಲಾಂತರದ ಕೆಲಸ. ನೀರಿನ ವಿಷಯದಲ್ಲಿ ಅವನು ಯಾರ ಮಾತನ್ನೂ ಕೇಳುವವನಲ್ಲ.

“ಬುದ್ಧಿ, ಹೊಳೆಗೆ ಹೋಗೋಕಾಗದಿದ್ರೆ ಬಿಡಿ. ಜಗಲಿ ಮುಂದೇನೇ ಒಂದು ಕೊಳ ಮಾಡ್ತೀನಿ. ಅಲ್ಲೇ ಕೂತ್ಕೊಳ್ಳಿ.”

“ಮಾಡಪ್ಪ,” ಎಂದರು ಸ್ವಾಮಿಗಳು. “ಬೆನ್ನು ಜೋಪಾನ.”

ಅಂಗಳದ ಹೊಂಗೆ ಮರದ ನೆರಳಿನಲ್ಲಿ ಅವನೊಬ್ಬನೇ ಅಗೆದ. ಟಾರ್ಪಾಲು ಹಾಸಿ, ಅಂಚಿಗೆ ಕಲ್ಲು ಜೋಡಿಸಿದ. ಭಕ್ತರೊಬ್ಬರು ಕೊಟ್ಟ ಪುಟ್ಟ ಪಂಪನ್ನು ತಳದಲ್ಲಿಟ್ಟ. ಅದು ನೀರನ್ನು ಎಳೆದು, ಜಲ್ಲಿ ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ, ಮತ್ತೆ ಕೊಳಕ್ಕೇ ಸುರಿಯುತ್ತಿತ್ತು. ನಾಲ್ಕು ಮೀನು ಬಿಟ್ಟ.

ಹೊಂಗೆ ಹೂ ಬಿಟ್ಟಿತು.

ಮೂರೇ ದಿನಕ್ಕೆ ನೀರು ಕಾಣದಂತೆ ಹೂವು. ಹೂವಿನ ನಡುವೆ ಧೂಳು, ಎಣ್ಣೆಯಂಥ ಒಂದು ಪೊರೆ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು.

ಮೂಡಲಗಿರಿ ಜಾಲರಿ ಹಿಡಿದು ಹೂವೆತ್ತಿದ. ಎತ್ತಿದಷ್ಟೂ ಬಿತ್ತು. ನೀರೆಲ್ಲ ಬಸಿದು ಹೊಸದಾಗಿ ತುಂಬಿಸಿದ. ಸಂಜೆಗೆ ಮತ್ತೆ ಅದೇ ಕಥೆ. ಹತ್ತಿರ ಬಂದವರ ಮೇಲೆ ರೇಗಿದ, ಮರದ ಮೇಲಿನ ಗಿಣಿಗಳನ್ನು ಬೈದ, ಕೊನೆಗೆ ಗಾಳಿಯನ್ನೂ ಬಿಡಲಿಲ್ಲ.

ಅಷ್ಟರಲ್ಲಿ ಒಂದು ಮೀನು ಸತ್ತು ತೇಲಿತು.

ಸ್ವಾಮಿಗಳು ಒಂದು ದಿನವೂ ಕೊಳದ ಹತ್ತಿರ ಬಂದು ಕೂತಿರಲಿಲ್ಲ. ಅವನಿಗೆ ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಅದರಿಂದ.

ಮರುದಿನ ಬೆಳಗ್ಗೆ ಕೊಡಲಿ ಹಿಡಿದು ಬಂದ.

“ಎಲ್ಲಿಗೋ?” ಎಂದರು ಜಗಲಿಯಿಂದ ಸ್ವಾಮಿಗಳು.

“ಮರ ಕಡೀತೀನಿ ಬುದ್ಧಿ. ಇದು ಇರೋ ತನಕ ನೀವು ಇಲ್ಲಿ ಕೂರಲ್ಲ.”

“ನಾನು ಕೂರದೇ ಇರೋದು ಮರದಿಂದ ಅಲ್ಲ ಕಣೋ. ನೀನು ಇಡೀ ದಿನ ಬೈತಾ ನಿಂತಿರ್ತೀಯ. ಬೈಗುಳದ ಪಕ್ಕ ಹೆಂಗಪ್ಪ ಕೂರೋದು?”

ಮೂಡಲಗಿರಿಯ ಕಣ್ಣು ತುಂಬಿತು. ಕೊಡಲಿ ಕೆಳಗಿಟ್ಟ.

“ಪಂಪು ಎಲ್ಲಿಟ್ಟಿದ್ದೀಯ?”

“ತಳದಲ್ಲಿ ಬುದ್ಧಿ. ತೂಬು ತಳದಲ್ಲೇ ಇರ್ಬೇಕು. ನಮ್ಮಪ್ಪ ಹೇಳ್ಕೊಟ್ಟಿದ್ದು. ಅವನಿಗೆ ನಮ್ಮ ತಾತ ಹೇಳ್ಕೊಟ್ಟಿದ್ದು.”

“ನಿಮ್ಮಪ್ಪ ಗದ್ದೆಗೆ ನೀರು ಬಿಡ್ತಿದ್ದ. ನೀನು ಯಾವ ಗದ್ದೆಗೆ ಬಿಡ್ತಿದ್ದೀಯ?”

ಮೂಡಲಗಿರಿ ಕೊಳದ ಕಡೆ ತಿರುಗಿ ನೋಡಿದ.

“ನನ್ನ ಎತ್ಕೊಂಡು ಹೋಗು ಅಲ್ಲಿಗೆ.”

ಅವನು ಗುರುಗಳನ್ನು ಎರಡೂ ತೋಳಲ್ಲಿ ಎತ್ತಿ ಕೊಳದ ಅಂಚಿಗೆ ತಂದು ಕೂರಿಸಿದ. ಇಷ್ಟು ಹಗುರವಾಗಿಬಿಟ್ಟರಲ್ಲ ಎಂದುಕೊಂಡ.

ಸ್ವಾಮಿಗಳು ಕೈಯಲ್ಲಿದ್ದ ಖಾಲಿ ಚೊಂಬನ್ನು ನೀರಿನಲ್ಲಿ ಹಿಡಿದರು. ಬಾಯಿ ನೀರಿಗಿಂತ ಮೇಲಿತ್ತು. ಒಂದು ಹೂವೂ ಒಳಗೆ ಬರಲಿಲ್ಲ.

ಚೊಂಬನ್ನು ಬೋರಲು ಹಿಡಿದು ತಳಕ್ಕೆ ಮುಳುಗಿಸಿ, ಅಲ್ಲೇ ತಿರುಗಿಸಿದರು. ತಿಳಿನೀರು ತುಂಬಿಕೊಂಡಿತು. ಹೂವು ಇದ್ದಲ್ಲೇ ಇತ್ತು.

ಅದನ್ನು ಚೆಲ್ಲಿ, ಮೂರನೇ ಸಲ ಮೆಲ್ಲಗೆ ಅದುಮಿದರು. ಬಾಯಿ ನೀರಿಗಿಂತ ಒಂದು ಬೆರಳು ಕೆಳಗೆ ಬಂದಾಗ ಕೈ ನಿಲ್ಲಿಸಿದರು. ಸುತ್ತಲಿನ ಹೂವು, ಧೂಳು, ಪೊರೆ ಎಲ್ಲ ಸರಸರನೆ ಚೊಂಬಿನೊಳಕ್ಕೆ ಜಾರಿದವು.

“ನಾನು ಬೈದ್ನಾ?”

“ಇಲ್ಲ ಬುದ್ಧಿ.”

“ಬಲವಂತ ಮಾಡಿದ್ನಾ?”

“ಇಲ್ಲ ಬುದ್ಧಿ.”

“ಮತ್ಯಾಕೆ ಬಂದ್ವು?”

ಮೂಡಲಗಿರಿ ಬಗ್ಗಿ ಚೊಂಬಿನ ಬಾಯನ್ನೇ ನೋಡಿದ. ಆಮೇಲೆ ಬಚ್ಚಲಿಗೆ ಓಡಿ ಬಕೆಟ್ಟು ತಂದ.

ಬಕೆಟ್ಟನ್ನು ಕೊಳದೊಳಗೆ ಕಲ್ಲಿನ ಮೇಲೆ ನಿಲ್ಲಿಸಿ, ಅದರ ಬಾಯಿ ನೀರಿಗಿಂತ ಒಂದು ಬೆರಳು ಕೆಳಗಿರುವಂತೆ ಹೊಂದಿಸಿದ. ಒಳಗೆ ಪಂಪು. ಪಂಪಿನ ಮೇಲೆ ಹೂ ತಡೆಯಲು ಬಿದಿರಿನ ಸಣ್ಣ ಬುಟ್ಟಿ. ಪಂಪು ಎಳೆದಷ್ಟೂ ಮೇಲಿನ ನೀರು ಹೂವಿನ ಸಮೇತ ಬಕೆಟ್ಟಿನೊಳಕ್ಕೆ ಜಾರತೊಡಗಿತು. ಸಂಜೆಗೆ ಹೂವೆಲ್ಲ ಬುಟ್ಟಿಯಲ್ಲಿತ್ತು. ಉಳಿದ ಮೂರು ಮೀನು ನಿರಾಳವಾಗಿ ತಳಕ್ಕೆ ಇಳಿದವು.

ಅವತ್ತಿನಿಂದ ಅವನ ಬೈಗುಳ ನಿಂತಿತು. ಬುಟ್ಟಿ ತುಂಬಿದರೆ ಮರದ ಬುಡಕ್ಕೆ ಸುರಿಯುತ್ತಿದ್ದ. ಬಿಸಿಲಿಗೆ ನೀರು ಇಳಿದರೆ ಎರಡು ಕೊಡ ಹೊಯ್ದು ಬೆರಳಿನ ಅಳತೆ ಸರಿಮಾಡುತ್ತಿದ್ದ. ಬೆಳಗಾದರೆ ಗುರುಗಳನ್ನು ಎತ್ತಿ ತಂದು ಅಂಚಿನಲ್ಲಿ ಕೂರಿಸಿ, ತಾನೂ ಪಕ್ಕದಲ್ಲಿ ಕೂರುತ್ತಿದ್ದ. ಸ್ವಾಮಿಗಳು ಬಿಸಿಲೇರುವ ತನಕ ಏಳುತ್ತಿರಲಿಲ್ಲ.

ಆದರೂ ಅವನ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದಿತ್ತು. ವಾರ ಕಳೆದ ಮೇಲೆ ತಡೆಯಲಾಗಲಿಲ್ಲ.

“ಬುದ್ಧಿ, ನಿಜ ಹೇಳಿ. ಇದು ನಾಲ್ಕು ಹೆಜ್ಜೆ ಅಗಲದ ಗುಂಡಿ. ಹೊಳೆ ಅಲ್ಲ. ನನಗೆ ಬೇಜಾರಾಗ್ಬಾರ್ದು ಅಂತ ಬಂದು ಕೂತ್ಕೋತೀರ, ಅಲ್ವಾ?”

ಸ್ವಾಮಿಗಳು ನಕ್ಕರು. ಅವನ ಒರಟು ಅಂಗೈಯನ್ನು ತೆಗೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ನಲವತ್ತು ವರ್ಷ ನಾನೇ ಹೊಳೆ ಹತ್ರ ಹೋದೆ ಕಣೋ. ಅದು ಒಂದು ದಿನಾನೂ ನನ್ನ ಹತ್ರ ಬಂದಿರ್ಲಿಲ್ಲ.”