ಚಿಪ್ಪಿನೊಳಗಿನ ನ್ಯಾಯ

ಮಕ್ಕಳೇ, ಕಾಡಿನ ನಡುವೆ ಜೊಂಡು ಬೆಳೆದ ಒಂದು ಕೆರೆಯಿತ್ತು. ಅಲ್ಲಿನವರಿಗೆಲ್ಲ ನ್ಯಾಯ ಹೇಳುವ ಕೆಲಸ ಒಂದು ಹಿರಿಯ ಆಮೆಯದು. ಆಮೆ ಲಂಚ ಮುಟ್ಟುತ್ತಿರಲಿಲ್ಲ, ಯಾರ ಪಕ್ಷವನ್ನೂ ವಹಿಸುತ್ತಿರಲಿಲ್ಲ. ಆದರೆ ಗಲಾಟೆ ಎಂದರೆ ಅದಕ್ಕೆ ಆಗದು. ಯಾರಾದರೂ ಜೋರಾಗಿ ಕೂಗಿದರೆ ಸಾಕು, ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಳ್ಳುತ್ತಿತ್ತು. ತಲೆ ಒಳಗಿರುವಾಗ ವಿಚಾರಣೆ ನಡೆಸಬಾರದೆಂಬುದು ಅಲ್ಲಿನ ಪದ್ಧತಿ. ತಲೆ ಮತ್ತೆ ಹೊರಬರಲು ದಿನಗಟ್ಟಲೆ ಹಿಡಿಯುತ್ತಿತ್ತು.

ಈ ಪದ್ಧತಿಯ ಲಾಭ ಪಡೆದದ್ದು ಒಂದು ಮುಂಗುಸಿ. ಅದು ಜೊಂಡಿನೊಳಗೆ ನುಗ್ಗಿ ನೀರುಕೋಳಿಯ ಮೊಟ್ಟೆಗಳನ್ನೆಲ್ಲ ತಿಂದು ಹಾಕಿತು. ಪಕ್ಕದಲ್ಲೇ ಇದ್ದ ಕಪ್ಪೆ ಅದನ್ನು ಕಣ್ಣಾರೆ ಕಂಡಿತು. ದೂರು ಆಮೆಯ ಬಳಿ ಹೋಯಿತು. ಕಪ್ಪೆ ಸಾಕ್ಷಿ ಹೇಳಲು ಬಾಯಿ ತೆರೆಯುತ್ತಲೇ ಮುಂಗುಸಿ ಗಂಟಲು ಹರಿಯುವಂತೆ ಕಿರುಚಿತು. ಆಮೆಯ ತಲೆ ಒಳಗೆ ಹೋಯಿತು, ಮುಂಗುಸಿ ಮನೆಗೆ ಹೋಯಿತು.

ಕೆರೆಯವರಿಗೆ ಸಿಟ್ಟು ಬಂತು. ಶಿಕ್ಷೆ ಸಾಲದು, ಅದಕ್ಕೇ ಕಳ್ಳತನ ಹೆಚ್ಚಿದೆ ಎಂದು ಎಲ್ಲರೂ ಮಾತಾಡಿಕೊಂಡರು. ಮೊಟ್ಟೆ ಕದ್ದವರ ಬಾಲ ಕತ್ತರಿಸಬೇಕೆಂದು ಸಭೆ ತೀರ್ಮಾನಿಸಿತು. ಮುಂಗುಸಿ ಆ ಸಭೆಗೂ ಬಂದಿತ್ತು, ಹೌದೆಂದು ತಲೆಯನ್ನೂ ಆಡಿಸಿತು. ಮರುವಾರವೇ ಬಾತಿನ ಮೊಟ್ಟೆಗಳು ಮಾಯವಾದವು. ಸಭೆ ಮತ್ತೆ ಸೇರಿ, ಕಳ್ಳನನ್ನು ಜೀವಮಾನವಿಡೀ ಕಾಡಿನಿಂದಲೇ ಹೊರಗಟ್ಟಬೇಕು ಎಂದಿತು. ಇಷ್ಟಾದ ಮೇಲೆ ಕಪ್ಪೆಯೂ ಹಿಂಜರಿಯಿತು. ತನ್ನ ಒಂದು ಮಾತಿನಿಂದ ಯಾರದೋ ಬದುಕೇ ಹಾಳಾಗುವ ಪಾಪ ತನಗೇಕೆ ಎಂದುಕೊಂಡು ನೀರೊಳಗೆ ಮುಳುಗಿಬಿಟ್ಟಿತು.

ನೀರುಕೋಳಿ ಮತ್ತೆ ಮೊಟ್ಟೆ ಇಟ್ಟಿತು. ಆ ವರ್ಷಕ್ಕೆ ಅವೇ ಕೊನೆಯವು. ಅದು ಆಮೆಯ ಬಳಿ ಹೋಗಿ ಕೇಳಿಕೊಂಡಿತು.

"ಆಮೆಯಮ್ಮ, ದೊಡ್ಡ ಶಿಕ್ಷೆ ಬೇಡ. ಚಿಕ್ಕದೇ ಇರಲಿ. ಆದರೆ ತಪ್ಪು ಮಾಡಿದ ದಿನವೇ ಕೊಡಿ."

"ಪದ್ಧತಿ ಅಂತ ಒಂದಿದೆಯಲ್ಲಮ್ಮ," ಎಂದಿತು ಆಮೆ. "ನಿನ್ನೊಬ್ಬಳಿಗಾಗಿ ಅದನ್ನು ಬದಲಿಸುವುದಕ್ಕೆ ಆಗುತ್ತದೆಯೇ?"

ನೀರುಕೋಳಿ ಅಳುತ್ತಾ ಗೂಡಿಗೆ ಮರಳಿತು.

ಮರುದಿನ ಬೆಳಿಗ್ಗೆ ಆಮೆ ತಾನು ದಂಡೆಯ ಮರಳಿನಲ್ಲಿ ಹೂತಿಟ್ಟಿದ್ದ ಮೊಟ್ಟೆಗಳನ್ನು ನೋಡಲು ಹೋಯಿತು. ಗುಂಡಿಯನ್ನು ಯಾರೋ ಬಗೆದಿದ್ದರು, ಸುತ್ತಲೂ ಮೊಟ್ಟೆಯ ಚೂರುಗಳು ಬಿದ್ದಿದ್ದವು. ಮುಂಗುಸಿ ಮೂತಿಗೆ ಅಂಟಿದ್ದ ಮರಳನ್ನು ಅಲ್ಲೇ ಒರೆಸಿಕೊಳ್ಳುತ್ತಿತ್ತು. ಆಮೆ ನ್ಯಾಯ ಬೇಕೆಂದು ಎಲ್ಲರನ್ನೂ ಕರೆಯಿತು. ಎಲ್ಲರೂ ಸೇರಿದರು. ಮುಂಗುಸಿ ಎಂದಿನಂತೆ ಕಿರುಚಿತು. ಆಮೆಯ ತಲೆ ಎಂದಿನಂತೆ ಒಳಗೆ ಹೋಯಿತು.

ಚಿಪ್ಪಿನ ಕತ್ತಲೆಯಲ್ಲಿ ಅದಕ್ಕೆ ಮುಂಗುಸಿಯ ನಗು ಕೇಳಿಸಿತು. ಇಷ್ಟು ವರ್ಷ ದೂರು ತಂದವರಿಗೆಲ್ಲ ತಾನು ಏನು ಮಾಡುತ್ತಿದ್ದೆ ಎಂಬುದು ಆಮೆಗೆ ಆಗ ಅರ್ಥವಾಯಿತು. ಅದು ಒಳಗಿನಿಂದಲೇ ಹೇಳಿತು:

"ಯಾರೂ ಏಳಬೇಡಿ. ನನ್ನ ತಲೆ ಒಳಗಿದ್ದರೂ ವಿಚಾರಣೆ ನಡೆಯಲಿ. ಇದು ನನ್ನದೇ ಮೊಟ್ಟೆಗಳ ವಿಷಯ, ತೀರ್ಪನ್ನು ಬೇರೆಯವರು ಹೇಳಲಿ. ಬಾಲ ಕತ್ತರಿಸುವ, ಹೊರಗಟ್ಟುವ ಶಿಕ್ಷೆಗಳನ್ನು ತೆಗೆದುಹಾಕಿ. ಚಿಕ್ಕ ಶಿಕ್ಷೆಯೇ ಸಾಕು, ಆದರೆ ಇವತ್ತೇ ಆಗಲಿ."

ನೀರು ಕುಡಿಯಲು ಬಂದಿದ್ದ ಒಂದು ಕಡವೆ ತೀರ್ಪು ಹೇಳಲು ಒಪ್ಪಿತು. ಶಿಕ್ಷೆ ಸಣ್ಣದೆಂದು ತಿಳಿದ ಮೇಲೆ ಕಪ್ಪೆಯೂ ನೀರಿನಿಂದ ಮೇಲೆ ಬಂದು, ಆವತ್ತು ಬೆಳಿಗ್ಗೆ ಕಂಡದ್ದನ್ನು ಕಂಡಂತೆ ಹೇಳಿತು. ಮುಂಗುಸಿ ಕಿರುಚುತ್ತಲೇ ಇತ್ತು. ಯಾರೂ ಎದ್ದು ಹೋಗಲಿಲ್ಲ.

"ಸಂಜೆಯವರೆಗೆ ನೀನು ಕೆರೆಯ ನೀರು ಮುಟ್ಟುವಂತಿಲ್ಲ," ಎಂದಿತು ಕಡವೆ. "ಮತ್ತೆ ಕದ್ದರೆ ಮತ್ತೆ ಇದೇ ಶಿಕ್ಷೆ, ಅದೇ ದಿನ."

ಮುಂಗುಸಿಗೆ ನಗು ಬಂತು. ಆದರೆ ಅದು ಬೇಸಿಗೆ, ಸುತ್ತ ಬೇರೆಲ್ಲೂ ನೀರಿರಲಿಲ್ಲ. ಕಡವೆ ನೀರಿಗೆ ಅಡ್ಡ ನಿಂತು ಕದಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಂಗುಸಿಯ ನಾಲಿಗೆ ಒಣಗಿ, ಕಿರುಚಲೂ ದನಿ ಇಲ್ಲದಂತಾಯಿತು. ಬಾಲ ಕತ್ತರಿಸುತ್ತೇವೆಂದಾಗ ಹೆದರದ ಪ್ರಾಣಿ ಆ ಸಂಜೆ ಮೊದಲ ಗುಟುಕು ಕುಡಿಯುವಾಗ ನಡುಗುತ್ತಿತ್ತು.

ಕೆಲವು ದಿನಗಳ ನಂತರ ಅದು ನೀರುಕೋಳಿಯ ಗೂಡಿನ ಹತ್ತಿರ ಸುಳಿಯಿತು. ಕಪ್ಪೆ ಒಮ್ಮೆ ವಟಗುಟ್ಟಿತು. ಕೆರೆಯ ಸುತ್ತ ಎಲ್ಲರೂ ತಲೆ ಎತ್ತಿದರು. ಮುಂಗುಸಿ ಬಂದ ದಾರಿಯಲ್ಲೇ ಹಿಂದಿರುಗಿತು.

ಆ ಬೇಸಿಗೆ ಮುಗಿಯುವ ಮೊದಲೇ ನೀರುಕೋಳಿಯ ಮರಿಗಳು ಕೆರೆಗಿಳಿದು ಈಜಿದವು. ಆಮೆ ದಂಡೆಯಲ್ಲಿ ಕುಳಿತು ಅವುಗಳನ್ನು ನೋಡಿತು. ಅದಕ್ಕೆ ಮಾತ್ರ ಆ ವರ್ಷ ಮರಿಗಳಿರಲಿಲ್ಲ.

ನೀತಿ: ಕಳ್ಳ ಹೆದರುವುದು ಘೋರವಾದ ಶಿಕ್ಷೆಗಲ್ಲ, ತಡವಿಲ್ಲದೆ ತಪ್ಪದೆ ಸಿಗುವ ಶಿಕ್ಷೆಗೆ.